ಮುಖ್ಯ ನ್ಯಾಯಮೂರ್ತಿಗಳು ಸರ್ಕಾರದ ಹತ್ತಿರ ದುಡ್ಡು ಕೇಳಬಹುದೇ?

ಪ್ರಶ್ನೆ: ವಕೀಲರೇ, ನನ್ನ ಮಗಳು-ಅಳಿಯ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದಾರೆ. ಆ ರಾಜ್ಯದ ಚೀಫ್ ಜಡ್ಜ್ ವರ್ಷಕ್ಕೊಮ್ಮೆ ಎಲ್ಲರೆದುರು ಭಾಷಣ ಮಾಡಿ, ಕೋರ್ಟುಗಳಿಗೆ ಏನೇನು ಬೇಕು, ಯಾವ ಕಾಯಿದೆ ಬದಲಾಗಬೇಕು ಎಂದು ಹೇಳುತ್ತಾರಂತೆ. ಹಿಂದೊಮ್ಮೆ ಒಬ್ಬರು ದುಡ್ಡು ಕಡಿಮೆ ಕೊಟ್ಟರೆಂದು ಗವರ್ನರ್ ಮೇಲೆ ದಾವೆಯನ್ನೇ ಹೂಡಿದ್ದರಂತೆ. ನ್ಯಾಯಾಧೀಶರು ಹೀಗೆ ರಾಜಕಾರಣಕ್ಕೆ ಇಳಿಯಬಹುದೇ? ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಹಾಗೆ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಒಂದು ತಾಲೂಕು ಕೋರ್ಟಿಗೆ ಒಬ್ಬ ಸ್ಟೆನೋ ಬೇಕೆಂದರೆ ಕೊಡುವವರು ಅವರೋ, ಸರ್ಕಾರವೋ?
— ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಉತ್ತರ: ಇಳಿಯಬಹುದು. ಇಳಿಯದೆ ಕೂತರೆ ಕೋರ್ಟು ನಡೆಯುವುದಿಲ್ಲ ಎನ್ನುವುದು ಹೆಚ್ಚು ಸರಿ. ಆದರೆ ಯಾವ ರಾಜಕಾರಣ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಪಕ್ಷ ಕಟ್ಟುವುದು, ಮತ ಕೇಳುವುದು, ಸರ್ಕಾರ ಬೀಳಿಸುವುದು ಅವರ ಕೆಲಸವಲ್ಲ. ಆ ಬಗ್ಗೆ ಎರಡು ಮಾತಿಲ್ಲ. ಆದರೆ ರಾಜ್ಯದ ಮುಖ್ಯ ನ್ಯಾಯಮೂರ್ತಿ ಒಂದೇ ಕುರ್ಚಿಯಲ್ಲಿ ಕೂತು ಎರಡು ಕೆಲಸ ಮಾಡುತ್ತಾರೆ. ಒಂದು, ನಮಗೆಲ್ಲ ಕಾಣುವಂಥದ್ದು, ವಿಚಾರಣೆ ನಡೆಸಿ ತೀರ್ಪು ಕೊಡುವುದು. ಇನ್ನೊಂದು, ಕಾಣದೇ ಇರುವಂಥದ್ದು: ನೂರಾರು ನ್ಯಾಯಾಲಯ, ಸಾವಿರಾರು ನೌಕರರು, ಕಟ್ಟಡ, ವಸತಿಗೃಹ, ಕಂಪ್ಯೂಟರು, ಖಾಲಿ ಹುದ್ದೆ ಇವನ್ನೆಲ್ಲ ನೋಡಿಕೊಳ್ಳುವುದು. ಈ ಎರಡನೆಯ ಕೆಲಸಕ್ಕೆ ಬೇಕಾದ ದುಡ್ಡು ಮಾತ್ರ ಅವರ ಕೈಯಲ್ಲಿಲ್ಲ. ನಿಮ್ಮ ಕಡೆಯ ಅವಿಭಕ್ತ ಕುಟುಂಬಗಳಲ್ಲಿ ತೋಟದ ಮೇಲ್ವಿಚಾರಣೆ ಒಬ್ಬ ಅಣ್ಣನದು, ಅಡಿಕೆ ಮಾರಿ ಬಂದ ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಮತ್ತೊಬ್ಬ ಅಣ್ಣನದು ಎಂದಾದರೆ ಏನಾಗುತ್ತದೆ? ತೋಟದವನು ಪೆಟ್ಟಿಗೆಯವನ ಹತ್ತಿರ ಮಾತಾಡಲೇಬೇಕು, ಒಪ್ಪಿಸಲೇಬೇಕು, ಕೆಲವೊಮ್ಮೆ ಜಗಳವನ್ನೂ ಆಡಬೇಕು. ಅಮೆರಿಕದಲ್ಲಿ ಈ ಮಾತುಕತೆ ಜಗಲಿಯ ಮೇಲೆ ನಡೆಯುತ್ತದೆ, ನಮ್ಮಲ್ಲಿ ಒಳಕೋಣೆಯಲ್ಲಿ. ನಿಮಗೆ ಕಂಡ ವ್ಯತ್ಯಾಸ ಅಷ್ಟೇ.

ನಿಮ್ಮ ಮಗಳ ಊರಿನ ಕತೆಯಿಂದಲೇ ಶುರುಮಾಡೋಣ. ನ್ಯೂಯಾರ್ಕಿನಲ್ಲಿ ಹೆಸರುಗಳೇ ಗೊಂದಲ. ಅಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ದಾವೆ ಮೊದಲು ವಿಚಾರಣೆಗೆ ಬರುವ ಕೋರ್ಟು. ರಾಜ್ಯದ ಅತ್ಯುನ್ನತ ಕೋರ್ಟಿಗೆ ‘ಕೋರ್ಟ್ ಆಫ್ ಅಪೀಲ್ಸ್’ ಎನ್ನುತ್ತಾರೆ, ಅದು ಇರುವುದು ಆಲ್ಬನಿಯಲ್ಲಿ. ಅದರ ಮುಖ್ಯಸ್ಥರೇ ಚೀಫ್ ಜಡ್ಜ್, ಇಡೀ ರಾಜ್ಯದ ಕೋರ್ಟುಗಳ ಆಡಳಿತಕ್ಕೂ ಅವರೇ ಯಜಮಾನರು. ಮೊದಲು ಅವರನ್ನು ಚುನಾವಣೆಯಲ್ಲಿ ಆರಿಸುತ್ತಿದ್ದರು. 1977ರ ಸಂವಿಧಾನ ತಿದ್ದುಪಡಿಯ ನಂತರ ಒಂದು ಆಯೋಗ ಕೊಡುವ ಪಟ್ಟಿಯಿಂದ ಗವರ್ನರ್ ಒಬ್ಬರನ್ನು ಆರಿಸುತ್ತಾರೆ, ರಾಜ್ಯದ ಸೆನೆಟ್ (ಶಾಸಕಾಂಗದ ಮೇಲ್ಮನೆ) ಒಪ್ಪಬೇಕು. ಒಪ್ಪಿಗೆ ಬರೀ ಶಾಸ್ತ್ರಕ್ಕಲ್ಲ. 2023ರ ಫೆಬ್ರವರಿಯಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಸೂಚಿಸಿದ ಹೆಸರನ್ನು ಅವರದೇ ಪಕ್ಷದ ಬಹುಮತವಿದ್ದ ಸೆನೆಟ್ ತಿರಸ್ಕರಿಸಿತು. ಏಪ್ರಿಲಿನಲ್ಲಿ ರೋವನ್ ವಿಲ್ಸನ್ ಬಂದರು. ನೇಮಕವೇ ಇಷ್ಟು ರಾಜಕೀಯವಾಗಿರುವಾಗ ಆಮೇಲಿನ ಹದಿನಾಲ್ಕು ವರ್ಷದ ಅವಧಿ ರಾಜಕೀಯದ ಗಾಳಿ ಸೋಕದೆ ಹೋಗುತ್ತದೆಯೇ?

ನೀವು ಕೇಳಿದ ದಾವೆ 1991ರದ್ದು. ಅಲ್ಲಿಯ ಸಂವಿಧಾನದ ಪ್ರಕಾರ ನ್ಯಾಯಾಂಗದ ಬಜೆಟ್ಟನ್ನು ಗವರ್ನರ್ ತಿದ್ದದೆ ಶಾಸಕಾಂಗಕ್ಕೆ ದಾಟಿಸಬೇಕು. ತಮ್ಮ ಅಭಿಪ್ರಾಯ ಬೇಕಾದರೆ ಜೊತೆಗೆ ಬರೆಯಬಹುದು. ಆ ವರ್ಷ ರಾಜ್ಯದ ಬೊಕ್ಕಸ ಬರಿದಾಗಿತ್ತು. ಗವರ್ನರ್ ಮಾರಿಯೋ ಕ್ಯುಮೊ ಎಲ್ಲರ ಖರ್ಚಿಗೂ ಕತ್ತರಿ ಹಿಡಿದರು, ನ್ಯಾಯಾಂಗವೂ ತಪ್ಪಿಸಿಕೊಳ್ಳಲಿಲ್ಲ. ಚೀಫ್ ಜಡ್ಜ್ ಸೋಲ್ ವಾಕ್ಟ್ಲರ್ ಸೆಪ್ಟೆಂಬರಿನಲ್ಲಿ ಗವರ್ನರ್ ಮೇಲೆಯೇ ದಾವೆ ಹೂಡಿದರು: ನ್ಯಾಯಾಂಗ ಸರ್ಕಾರದ ಒಂದು ಇಲಾಖೆಯಲ್ಲ, ಸಮಾನ ಅಂಗ, ಅದು ನಡೆಯದಷ್ಟು ದುಡ್ಡು ಕತ್ತರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು. ಗಮ್ಮತ್ತೆಂದರೆ, 1985ರಲ್ಲಿ ವಾಕ್ಟ್ಲರ್ ಅವರನ್ನು ಆ ಕುರ್ಚಿಗೆ ಏರಿಸಿದ್ದೇ ಇದೇ ಕ್ಯುಮೊ. ಕ್ಯುಮೊ ಡೆಮಾಕ್ರಟ್, ವಾಕ್ಟ್ಲರ್ ರಿಪಬ್ಲಿಕನ್. ಮುಂದೆ ವಾಕ್ಟ್ಲರ್ ಗವರ್ನರ್ ಹುದ್ದೆಗೇ ನಿಲ್ಲಬಹುದೆಂಬ ಮಾತು ಊರ ತುಂಬ ಇತ್ತು. ದಾವೆ ಹಾಕಿದ್ದು ನ್ಯಾಯಕ್ಕೋ ಚುನಾವಣೆಗೋ ಎಂದು ಜನ ಕೇಳಿದರೆ ತಪ್ಪೇನಿಲ್ಲ. ಅದಕ್ಕಿಂತ ಮುಜುಗರದ ಸಂಗತಿ, ದಾವೆ ಕೇಳಬೇಕಾದ ನ್ಯಾಯಾಧೀಶರು ವಾದಿಯ ಆಡಳಿತದಡಿ ಕೆಲಸ ಮಾಡುವವರು, ಮೇಲ್ಮನವಿ ಹೋದರೆ ಅದು ವಾದಿಯದೇ ಕೋರ್ಟಿಗೆ! ತೀರ್ಪಿನ ತನಕ ಹೋಗದೆ 1992ರ ಜನವರಿಯಲ್ಲಿ ರಾಜಿಯಾಯಿತು, ಮುಂದಿನ ಬಜೆಟ್ಟಿನಲ್ಲಿ ಸ್ವಲ್ಪ ಹೆಚ್ಚು ದುಡ್ಡು ಬಂತು. ನನ್ನ ಮಟ್ಟಿಗೆ ಈ ದಾವೆ ಒಂದು ಎಚ್ಚರಿಕೆ. ಬಾಯಲ್ಲಿ ಕೇಳಿ, ಒಪ್ಪಿಸಿ ತರಬೇಕಾದ ದುಡ್ಡನ್ನು ತೀರ್ಪಿನಿಂದ ತರಲು ಹೊರಟರೆ ಗೆದ್ದವರ ಮರ್ಯಾದೆಯೂ ಉಳಿಯುವುದಿಲ್ಲ.

ಅವರ ನಂತರ 1993ರಲ್ಲಿ ಬಂದ ಜೂಡಿತ್ ಕೇಯ್, ಆ ಹುದ್ದೆಯ ಮೊದಲ ಮಹಿಳೆ, 2008ರ ತನಕ ಇದ್ದರು. ಈ ಕೆಲಸವನ್ನು ಹೇಗೆ ಮಾಡಬೇಕೆಂದು ಕೇಳಿದರೆ ನಾನು ತೋರಿಸುವುದು ಅವರನ್ನು. ಅಲ್ಲಿ ವಿಚಾರಣೆ ಕೇಳಿ ತೀರ್ಮಾನ ಹೇಳಲು ಸಾಮಾನ್ಯ ನಾಗರಿಕರನ್ನೇ ಕರೆಸುತ್ತಾರೆ, ಅದು ಜ್ಯೂರಿ. ಆ ಸೇವೆಯಿಂದ ವಕೀಲರು, ವೈದ್ಯರು, ನ್ಯಾಯಾಧೀಶರು ಎಲ್ಲರಿಗೂ ವಿನಾಯಿತಿ ಇತ್ತು. ಭಾರ ಬೀಳುತ್ತಿದ್ದದ್ದು ಉಳಿದವರ ಮೇಲೆ. ಕೇಯ್ ಶಾಸಕರ ಬೆನ್ನು ಬಿಡದೆ ಕಾಯಿದೆ ತಿದ್ದಿಸಿದರು, 1996ರಿಂದ ಆ ವಿನಾಯಿತಿಗಳೆಲ್ಲ ಹೋದವು, ನ್ಯಾಯಾಧೀಶರೂ ಜ್ಯೂರಿ ಸಾಲಿನಲ್ಲಿ ಕೂರಬೇಕಾಯಿತು. ವ್ಯಸನಿಗಳನ್ನು ಜೈಲಿಗಲ್ಲ, ಚಿಕಿತ್ಸೆಗೆ ಕಳಿಸುವ ಕೋರ್ಟುಗಳು, 2000ದಲ್ಲಿ ಬ್ರೂಕ್ಲಿನ್ನಿನ ರೆಡ್‌ಹುಕ್ ಎಂಬ ಬಡಾವಣೆಯಲ್ಲಿ ಶುರುವಾದ ಸಮುದಾಯ ನ್ಯಾಯಕೇಂದ್ರ, ಇವೆಲ್ಲ ಅವರ ಕಾಲದವು. ಒಂದೂ ತೀರ್ಪಿನಿಂದ ಬಂದಿದ್ದಲ್ಲ, ಮೇಯರ್, ಪೊಲೀಸ್, ಶಾಸಕರು ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿ ತಂದದ್ದು. ಆದರೂ ಕೊನೆಯ ವರ್ಷ ಅವರಿಗೂ ಕೋರ್ಟಿನ ಮೆಟ್ಟಿಲು ತಪ್ಪಲಿಲ್ಲ. 1999ರ ನಂತರ ರಾಜ್ಯದ ನ್ಯಾಯಾಧೀಶರಿಗೆ ಸಂಬಳ ಏರಿರಲಿಲ್ಲ, ಏಕೆಂದರೆ ಶಾಸಕರು ತಮ್ಮ ಸಂಬಳವನ್ನೂ ಜೊತೆಗೇ ಏರಿಸಿಕೊಳ್ಳದೆ ನ್ಯಾಯಾಧೀಶರದ್ದನ್ನು ಮುಟ್ಟಲು ತಯಾರಿರಲಿಲ್ಲ. 2008ರ ಏಪ್ರಿಲಿನಲ್ಲಿ ಕೇಯ್ ದಾವೆ ಹೂಡಿದರು. 2010ರಲ್ಲಿ ಬಂದ ತೀರ್ಪು, ಒಬ್ಬರ ಸಂಬಳವನ್ನು ಇನ್ನೊಬ್ಬರದಕ್ಕೆ ಗಂಟುಹಾಕುವುದು ಅಧಿಕಾರ ವಿಂಗಡಣೆಗೆ ವಿರುದ್ಧ ಎಂದಿತಾದರೂ ಇಷ್ಟೇ ಕೊಡಿ ಎಂದು ಮೊತ್ತ ಹೇಳಲಿಲ್ಲ. ಮೊತ್ತ ನಿಗದಿಗೆ ಶಾಸಕಾಂಗ ಒಂದು ಆಯೋಗ ಮಾಡಿತು. ವಾಕ್ಟ್ಲರ್ ದಾವೆಗೂ ಇದಕ್ಕೂ ಇರುವ ಅಂತರ ನೋಡಿ: ಹದಿನೈದು ವರ್ಷ ಮಾತಾಡಿ ಸಂಪಾದಿಸಿದ ಹೆಸರು ಬೆನ್ನಿಗಿತ್ತು, ಕೋರ್ಟು ಕೊನೆಯ ಬಾಗಿಲಾಗಿತ್ತು.

ಕ್ಯಾಲಿಫೋರ್ನಿಯಾದ್ದು ಇನ್ನೂ ದೊಡ್ಡ ಕತೆ, ನಮ್ಮ ಜಿಲ್ಲೆಯವರಿಗೆ ಹತ್ತಿರದ್ದು ಕೂಡ. 1996ರಲ್ಲಿ ಮುಖ್ಯ ನ್ಯಾಯಮೂರ್ತಿಯಾದ ರೊನಾಲ್ಡ್ ಜಾರ್ಜ್ ಮೊದಲ ವರ್ಷವೇ ರಾಜ್ಯದ 58 ಕೌಂಟಿಗಳಿಗೂ ಹೋದರು. ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದಿಟ್ಟುಕೊಳ್ಳಿ. ಆಗ ಕೆಳಕೋರ್ಟುಗಳ ಖರ್ಚು ಬಹುಮಟ್ಟಿಗೆ ಆಯಾ ಕೌಂಟಿಯದ್ದು. ಶ್ರೀಮಂತ ಕೌಂಟಿಯ ಕೋರ್ಟು ಲಕಲಕ, ಬಡ ಕೌಂಟಿಯದ್ದರ ಮಾಡು ಸೋರುವ ಸ್ಥಿತಿ. ಅಂದರೆ ನಿಮಗೆ ಸಿಗುವ ನ್ಯಾಯ ನಿಮ್ಮ ಮನೆ ಯಾವ ಕೌಂಟಿಯಲ್ಲಿದೆ ಎಂಬುದರ ಮೇಲೆ ನಿಂತಿತ್ತು. ಜಾರ್ಜ್ ಕಂಡದ್ದನ್ನೆಲ್ಲ ಕಟ್ಟಿಕೊಂಡು ರಾಜಧಾನಿ ಸ್ಯಾಕ್ರಮೆಂಟೊಗೆ ಬಂದರು. ಗವರ್ನರನ್ನು, ಎರಡೂ ಪಕ್ಷದ ಶಾಸಕರನ್ನು, ಕೌಂಟಿಯ ಮುಖಂಡರನ್ನು ಕಂಡು ಒಪ್ಪಿಸಿದರು. 1997ರಲ್ಲಿ ಕೆಳಕೋರ್ಟುಗಳ ಖರ್ಚು ರಾಜ್ಯದ ಖಜಾನೆಗೆ ಬಂತು. 1998ರಲ್ಲಿ ಎರಡು ಹಂತದ ಕೆಳಕೋರ್ಟುಗಳನ್ನು ಒಂದು ಮಾಡಲು ಮತದಾರರು ಅವಕಾಶ ಕೊಟ್ಟರು. 2002ರ ಕಾಯಿದೆಯಿಂದ 500ಕ್ಕೂ ಹೆಚ್ಚು ಕೋರ್ಟು ಕಟ್ಟಡಗಳನ್ನು ಕೌಂಟಿಯಿಂದ ರಾಜ್ಯಕ್ಕೆ ವಹಿಸಿಕೊಳ್ಳುವ ದಾರಿ ತೆರೆಯಿತು. ಆರು ವರ್ಷದಲ್ಲಿ ಒಂದು ದೊಡ್ಡ ರಾಜ್ಯದ ನ್ಯಾಯಾಡಳಿತದ ಬುನಾದಿಯೇ ಬದಲಾಯಿತು. ಇದನ್ನು ರಾಜಕೀಯ ನಾಯಕತ್ವ ಎನ್ನದೆ ಏನೆನ್ನಬೇಕು?

ಆದರೆ ದುಡ್ಡು ಕೈಗೆ ಬಂದರೆ ದುಡ್ಡಿನ ಜಗಳವೂ ಬರುತ್ತದೆ. 2009ರ ಆರ್ಥಿಕ ಮುಗ್ಗಟ್ಟಿನಲ್ಲಿ ತಿಂಗಳಿಗೆ ಒಂದು ದಿನ ರಾಜ್ಯದ ಕೋರ್ಟುಗಳನ್ನೇ ಮುಚ್ಚಬೇಕಾಯಿತು. ಅದೇ ಹೊತ್ತಿಗೆ ಕೋಟಿಗಟ್ಟಲೆ ಡಾಲರು ನುಂಗುತ್ತಿದ್ದ ಒಂದು ಕಂಪ್ಯೂಟರ್ ಯೋಜನೆ ಸಾಗಿತ್ತು. ಕೆಳಕೋರ್ಟಿನ ನ್ಯಾಯಾಧೀಶರೇ ಸಂಘ ಕಟ್ಟಿ ಮುಖ್ಯ ನ್ಯಾಯಮೂರ್ತಿಯ ಆಡಳಿತದ ವಿರುದ್ಧ ದನಿ ಎತ್ತಿದರು, ಶಾಸಕರ ಬಾಗಿಲಿಗೂ ಹೋದರು. ಜಾರ್ಜ್ ನಿವೃತ್ತರಾದ ಮೇಲೆ 2012ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಅಷ್ಟರಲ್ಲಿ ಖರ್ಚಾಗಿದ್ದು ಸುಮಾರು 50 ಕೋಟಿ ಡಾಲರ್. ಆಡಳಿತಗಾರರಾದ ಮೇಲೆ ಆಡಳಿತಗಾರರ ಬೈಗುಳವೂ ಪಾಲಿಗೆ ಬರುವುದೇ.

ಮತ್ತೊಂದು ಬೆಲೆಯೂ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಮೂರ್ತಿಗಳು ಕಾಲಕಾಲಕ್ಕೆ ಮತದಾರರೆದುರು ನಿಲ್ಲಬೇಕು. ಕ್ಯಾಲಿಫೋರ್ನಿಯಾದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮರಣದಂಡನೆ ವಿಷಯದ ತೀರ್ಪುಗಳಿಂದಾಗಿ 1986ರಲ್ಲಿ ಮತದಾರರಿಂದಲೇ ಹೊರಬಿದ್ದರು. 2010ರಲ್ಲಿ ಅಯೋವಾದ ಮುಖ್ಯ ನ್ಯಾಯಮೂರ್ತಿ ಮಾರ್ಶಾ ಟರ್ನಸ್ ಅವರಿಗೂ ಹಾಗೇ ಆಯಿತು. ಕಾರಣ, ಹಿಂದಿನ ವರ್ಷ ಕೊಟ್ಟ ಸಲಿಂಗ ವಿವಾಹದ ತೀರ್ಪು. ಅವರು ಕೋರ್ಟನ್ನು ಎಷ್ಟು ಚೆನ್ನಾಗಿ ನಡೆಸಿದರು ಎಂದು ಯಾರೂ ಲೆಕ್ಕ ಹಾಕಲಿಲ್ಲ. ನಮ್ಮಲ್ಲಿ ಚುನಾವಣೆ ಇಲ್ಲದ್ದು ದೊಡ್ಡ ಪುಣ್ಯ ಎಂದೇ ನಾನು ಭಾವಿಸುವವನು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಮುಖ್ಯ ನ್ಯಾಯಮೂರ್ತಿಗಳು ರಾಜ್ಯಾಡಳಿತದಿಂದ ದೂರ ಇರುತ್ತಾರೆ ಎಂಬುದು ಹೊರಗಿನ ನೋಟ. ರಾಜ್ಯಪಾಲರಿಗೆ ಪ್ರಮಾಣವಚನ ಬೋಧಿಸುವವರೇ ಅವರು (ಸಂವಿಧಾನದ 159ನೇ ವಿಧಿ). ರಾಜ್ಯಪಾಲರ ಕುರ್ಚಿ ತೆರವಾದಾಗ ಕೆಲವೊಮ್ಮೆ ಅವರೇ ಅಲ್ಲಿ ಕೂತದ್ದೂ ಉಂಟು. ನಮ್ಮ ಜಿಲ್ಲೆಯವರಿಗೆ ಕುತೂಹಲ ಎನಿಸುವ ಒಂದು ಸಂಗತಿ: 1956ರ ನವೆಂಬರ್ 1ರಂದು ಉತ್ತರ ಕನ್ನಡ ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆ ದಿನ ಮುಂಬಯಿಯ ಹಂಗಾಮಿ ರಾಜ್ಯಪಾಲರಾಗಿದ್ದವರು ಅಲ್ಲಿಯ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಅದೇ ವರ್ಷ ಅಕ್ಟೋಬರಿನಿಂದ ಡಿಸೆಂಬರಿನ ತನಕ ಅವರು ಆ ಹೊಣೆ ಹೊತ್ತಿದ್ದರು. ಮುಂದೆ ಅಮೆರಿಕಕ್ಕೆ ರಾಯಭಾರಿಯಾದರು, ಕೇಂದ್ರದಲ್ಲಿ ಮಂತ್ರಿಯೂ ಆದರು. 1969ರಲ್ಲಿ ಮೈಸೂರು ಹೈಕೋರ್ಟಿನ ಎ.ಆರ್. ಸೋಮನಾಥ ಅಯ್ಯರ್ ಹಂಗಾಮಿ ರಾಜ್ಯಪಾಲರಾಗಿದ್ದರು. ಅದೇ ವರ್ಷ ಭಾರತದ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ತಿಂಗಳ ಮಟ್ಟಿಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಈಗೀಗ ಆ ರೂಢಿ ಕಡಿಮೆ. ಪಕ್ಕದ ರಾಜ್ಯದ ರಾಜ್ಯಪಾಲರಿಗೇ ಹೆಚ್ಚುವರಿ ಹೊಣೆ ಕೊಡುತ್ತಾರೆ. ಒಳ್ಳೆಯದೇ ಆಯಿತು. ಇಂದು ರಾಜಭವನದಲ್ಲಿ ಕೂತು ಸಹಿ ಹಾಕಿದ್ದನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಅದು ಬರುವುದು ಅವರದೇ ಕೋರ್ಟಿಗಲ್ಲವೇ.

ನಿಮ್ಮ ಸ್ಟೆನೋ ಪ್ರಶ್ನೆಗೆ ಉತ್ತರ: ಇಬ್ಬರೂ. 235ನೇ ವಿಧಿ ಕೆಳಗಿನ ನ್ಯಾಯಾಲಯಗಳ ಮೇಲಿನ ಹತೋಟಿಯನ್ನು ಹೈಕೋರ್ಟಿಗೆ ಕೊಟ್ಟಿದೆ. ಕಾರವಾರದ ಪ್ರಧಾನ ಜಿಲ್ಲಾ ನ್ಯಾಯಾಧೀಶರಾಗಲಿ, ಶಿರಸಿಯಲ್ಲಿ ಕೂರುವ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶರಾಗಲಿ, ವರ್ಗಾವಣೆ, ರಜೆ, ಶಿಸ್ತು ಎಲ್ಲಕ್ಕೂ ಹೈಕೋರ್ಟಿನ ಕಡೆ ನೋಡಬೇಕು, ಸರ್ಕಾರದ ಕಡೆಗಲ್ಲ. ಆದರೆ ಹೊಸ ಹುದ್ದೆ ಬೇಕೆಂದರೆ ಮಂಜೂರಾತಿ ಸರ್ಕಾರದ್ದು. ಬೇಡಿಕೆ ತಾಲೂಕಿನಿಂದ ಕಾರವಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಹತ್ತಿರ, ಅಲ್ಲಿ ಒಪ್ಪಿಗೆಯಾದ ಮೇಲೆ ರಸ್ತೆ ದಾಟಿ ವಿಧಾನಸೌಧದ ಕಾನೂನು ಇಲಾಖೆಗೆ, ಅಲ್ಲಿಂದ ಆರ್ಥಿಕ ಇಲಾಖೆಗೆ. ಕಡತ ನಿಲ್ಲುವುದು ಸಾಮಾನ್ಯವಾಗಿ ಈ ಕೊನೆಯ ಜಾಗದಲ್ಲಿ, ಅದರಲ್ಲಿ ಆಶ್ಚರ್ಯವೂ ಇಲ್ಲ. ಎಲ್ಲ ಇಲಾಖೆಗಳಿಗೂ ಬೇಡ ಎನ್ನುವುದೇ ಅವರ ಉದ್ಯೋಗ. ಹುದ್ದೆ ಮಂಜೂರಾಗಿದ್ದು ಖಾಲಿ ಇದ್ದರೆ ಮಾತು ಬೇರೆ: ಸ್ಟೆನೋ, ಬೆರಳಚ್ಚುಗಾರ, ಜವಾನರ ನೇಮಕ ಜಿಲ್ಲಾ ನ್ಯಾಯಾಲಯದಲ್ಲೇ ಆಗುತ್ತದೆ. ಕಟ್ಟಡ ಬೇಕೆಂದರೆ ಲೋಕೋಪಯೋಗಿ ಇಲಾಖೆ ನಡುವೆ ಬರುತ್ತದೆ, ದುಡ್ಡಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40ರ ಯೋಜನೆಯೂ ಉಂಟು. ಇನ್ನೊಂದು ಸೂಕ್ಷ್ಮ: ಹೈಕೋರ್ಟಿನ ಸ್ವಂತ ಆಡಳಿತ ವೆಚ್ಚ ರಾಜ್ಯದ ಸಂಚಿತ ನಿಧಿಯ (ಅಂದರೆ ಮುಖ್ಯ ಖಜಾನೆಯ) ಮೇಲೆ ನೇರ ಹೊರೆ, ಸದನದಲ್ಲಿ ಅದಕ್ಕೆ ಮತ ಹಾಕುವುದಿಲ್ಲ (229ನೇ ವಿಧಿ). ಕೆಳಗಿನ ಕೋರ್ಟುಗಳ ಖರ್ಚಿಗೆ ಆ ರಕ್ಷೆ ಇಲ್ಲ. ಉಳಿದ ಇಲಾಖೆಗಳ ಜೊತೆ ಸಾಲಿನಲ್ಲಿ ನಿಲ್ಲಬೇಕು. ನಿಮ್ಮಂಥ ಕಕ್ಷಿದಾರರು ಹೆಚ್ಚು ಓಡಾಡುವುದು ಈ ಎರಡನೆಯ ಬಗೆಯ ಕೋರ್ಟುಗಳಿಗೆ.

ಆದ್ದರಿಂದ ಮುಖ್ಯ ನ್ಯಾಯಮೂರ್ತಿಗಳ ನಿಜವಾದ ರಾಜಕೀಯ ಶಕ್ತಿ ಇರುವುದು ಪತ್ರ, ಭೇಟಿ, ಸಮಿತಿ ಸಭೆಗಳಲ್ಲಿ. ಅದು ಏನು ಮಾಡಬಲ್ಲದು ಎಂಬುದಕ್ಕೆ ಧಾರವಾಡ ಪೀಠಕ್ಕಿಂತ ಬೇರೆ ಉದಾಹರಣೆ ಬೇಡ. ಕಾರವಾರದಿಂದ ಹೈಕೋರ್ಟಿಗೆ ಹೋಗಬೇಕೆಂದರೆ ಬೆಂಗಳೂರು, 500 ಕಿಲೋಮೀಟರಿಗೂ ಹೆಚ್ಚು. ಒಂದು ರಿಟ್ ಅರ್ಜಿಗೆ ಎರಡು ರಾತ್ರಿ ಬಸ್ಸಿನಲ್ಲಿ. ಉತ್ತರ ಕರ್ನಾಟಕದ ವಕೀಲರು ದಶಕಗಳ ಕಾಲ ಹೋರಾಡಿದರು, ಧರಣಿ ಕೂತರು, ಕಲಾಪ ಬಹಿಷ್ಕರಿಸಿದರು. ರಾಜಕಾರಣಿಗಳೆಲ್ಲ ಬೆಂಬಲ ಘೋಷಿಸಿದರು. ಆದರೂ ಕೀಲಿ ಇದ್ದದ್ದು ಬೇರೆ ಕಡೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 51(3)ನೇ ಕಲಮಿನ ಪ್ರಕಾರ, ಹೈಕೋರ್ಟಿನ ನ್ಯಾಯಮೂರ್ತಿಗಳು ಬೇರೆ ಊರಲ್ಲಿ ಕೂರಬೇಕೆಂದರೆ ಆ ಊರನ್ನು ಗೊತ್ತುಮಾಡುವವರು ಮುಖ್ಯ ನ್ಯಾಯಮೂರ್ತಿ, ರಾಜ್ಯಪಾಲರ ಒಪ್ಪಿಗೆ ಪಡೆದು. ಮುಖ್ಯಮಂತ್ರಿಗಳು ಎಷ್ಟೇ ಆಶ್ವಾಸನೆ ಕೊಟ್ಟರೂ ಅವರು ಮನಸ್ಸು ಮಾಡದೆ ಏನೂ ಆಗುವುದಿಲ್ಲ. ಅವರು ಮನಸ್ಸು ಮಾಡಿದರೂ ಕಟ್ಟಡಕ್ಕೆ, ವಸತಿಗೆ ಸರ್ಕಾರ ದುಡ್ಡು ಕೊಡದೆ ಆಗುವುದಿಲ್ಲ. ಎರಡೂ ಕೂಡಿಬಂದದ್ದು 2008ರ ಜುಲೈನಲ್ಲಿ, ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠ ಶುರುವಾದಾಗ. 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಅದಕ್ಕೆ 51(2)ನೇ ಕಲಮಿನಡಿ ರಾಷ್ಟ್ರಪತಿಗಳ ಆದೇಶ ಬೇಕಿತ್ತು. ಈಗ ನಮ್ಮ ಜಿಲ್ಲೆಯ ಕಕ್ಷಿದಾರರು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬೆಳಗಾದರೆ ಧಾರವಾಡ. ಭಟ್ಕಳದವರಿಗೆ ಇದೂ ದೂರವೇ. ಮಂಗಳೂರಿನಲ್ಲೂ ಪೀಠ ಬೇಕೆಂಬ ಬೇಡಿಕೆ ಎದ್ದಿದೆ; ಅದರ ಬಗ್ಗೆ ಶಾಸಕರಿಗೆ ಮನವಿ ಕೊಡುವವರು ಮೊದಲು ಕಾಣಬೇಕಾದದ್ದು ಯಾರನ್ನು ಎಂಬುದು ಈಗ ನಿಮಗೆ ಗೊತ್ತಾಯಿತು. ಕೊಲ್ಹಾಪುರದವರು ಇದೇ 51(3)ರ ದಾರಿಯಲ್ಲಿ 2025ರ ಆಗಸ್ಟಿನಲ್ಲಿ ತಮ್ಮ ಸಂಚಾರಿ ಪೀಠ ಪಡೆದರು.

ಕೇಸು ಹಂಚುವ ಅಧಿಕಾರವೂ ಮುಖ್ಯ ನ್ಯಾಯಮೂರ್ತಿಗಳದ್ದೇ, ಯಾವ ಪೀಠಕ್ಕೆ ಯಾವ ವಿಷಯ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. 1997ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿದೆ. ಶಾಸಕ-ಸಂಸದರ ಮೇಲಿನ ಕ್ರಿಮಿನಲ್ ಮೊಕದ್ದಮೆಗಳು ಬೇಗ ಮುಗಿಯುವಂತೆ ನಿಗಾ ಇಡುವ ಹೊಣೆಯನ್ನೂ 2023ರ ನವೆಂಬರಿನಲ್ಲಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಿಗೆ ವಹಿಸಲಾಯಿತು. ಇವು ಆಡಳಿತದ ಕೆಲಸಗಳೆಂದು ಹೇಳಿಕೊಂಡರೂ ರಾಜಕೀಯ ಪರಿಣಾಮ ಸಣ್ಣದಲ್ಲ.

ಇನ್ನು ಲೋಕಾಯುಕ್ತ. ಅಂಕೋಲಾದ ಬೇಲೆಕೇರಿ ಬಂದರಿನಿಂದ ಜಪ್ತಾದ ಅದಿರು ಮಾಯವಾದ ಪ್ರಕರಣದಿಂದಾಗಿ ನಮ್ಮ ಜಿಲ್ಲೆಯಲ್ಲಿ ಆ ಸಂಸ್ಥೆಯ ಹೆಸರು ಕೇಳದವರಿಲ್ಲ. ಲೋಕಾಯುಕ್ತರನ್ನು, ಉಪಲೋಕಾಯುಕ್ತರನ್ನು ನೇಮಿಸುವಾಗ ಮುಖ್ಯಮಂತ್ರಿ ಹಲವರೊಂದಿಗೆ ಸಮಾಲೋಚಿಸಬೇಕು. ಅವರಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಒಬ್ಬರು. 2012ರಲ್ಲಿ ಒಬ್ಬ ಉಪಲೋಕಾಯುಕ್ತರ ನೇಮಕ, ಆ ಹೆಸರಿನ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳದೆಯೇ ಆಗಿಹೋಯಿತು. ಹೈಕೋರ್ಟು ನೇಮಕ ರದ್ದು ಮಾಡಿ, ಮುಖ್ಯ ನ್ಯಾಯಮೂರ್ತಿಗಳ ಮಾತಿಗೇ ಮೇಲುಗೈ ಎಂದಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅರ್ಧ ಒಪ್ಪಿತು: ಕೇಳದೆ ಮಾಡಿದ ನೇಮಕ ಊರ್ಜಿತವಲ್ಲ, ಆದರೆ ಕೇಳಿದ ಮೇಲೆ ಅವರು ಹೇಳಿದ್ದೇ ಆಗಬೇಕೆಂದೇನೂ ಇಲ್ಲ. ನನಗೆ ಈ ತೀರ್ಪು ತುಂಬ ಹದವಾಗಿ ಕಾಣುತ್ತದೆ. ಮುಖ್ಯ ನ್ಯಾಯಮೂರ್ತಿಗಳಿಗೆ ಆ ಮೇಜಿನಲ್ಲಿ ಒಂದು ಕುರ್ಚಿ ಇದೆ, ತಲೆಯ ಕುರ್ಚಿ ಅಲ್ಲ.

ಗೆರೆ ದಾಟಿದರೆ ಏನಾಗುತ್ತದೆ ಎಂಬುದು ಉತ್ತರ ಪ್ರದೇಶದಲ್ಲಿ ಕಂಡಿತು. ನಿವೃತ್ತ ನ್ಯಾಯಮೂರ್ತಿಗಳಿಗೆ ಕೊಡಬೇಕಾದ ಸೌಲಭ್ಯಗಳ ಬಗ್ಗೆ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸೂಚಿಸಿದ ನಿಯಮಗಳನ್ನು ಸರ್ಕಾರ ಹೊರಡಿಸಲಿಲ್ಲ. ಹೈಕೋರ್ಟಿನ ಪೀಠವೊಂದು 2023ರ ಏಪ್ರಿಲಿನಲ್ಲಿ ಆರ್ಥಿಕ ಇಲಾಖೆಯ ಹಿರಿಯ ಅಧಿಕಾರಿಗಳನ್ನು ವಶಕ್ಕೇ ತೆಗೆದುಕೊಂಡಿತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅಂಥ ನಿಯಮ ಮಾಡುವ ಅಧಿಕಾರ 229ನೇ ವಿಧಿಯಲ್ಲಿ ಮುಖ್ಯ ನ್ಯಾಯಮೂರ್ತಿಗಿಲ್ಲ ಎಂದಿತು, ಅಧಿಕಾರಿಗಳನ್ನು ಯಾವಾಗ ಕೋರ್ಟಿಗೆ ಕರೆಸಬಹುದು ಎಂಬುದಕ್ಕೆ ಕ್ರಮವನ್ನೂ ಹಾಕಿಕೊಟ್ಟಿತು. ವಾಕ್ಟ್ಲರ್ ದಾವೆಯಲ್ಲಿದ್ದ ಮುಜುಗರವೇ ಇಲ್ಲಿಯೂ, ಇನ್ನೂ ಒರಟಾಗಿ.

ಹಾಗಾದರೆ ನಮ್ಮಲ್ಲಿ ಒಬ್ಬ ಕೇಯ್, ಒಬ್ಬ ಜಾರ್ಜ್ ಏಕೆ ಬರಲಿಲ್ಲ? ಯೋಗ್ಯತೆಯ ಕೊರತೆಯಲ್ಲ, ಸಮಯದ ಕೊರತೆ. 1980ರ ದಶಕದಿಂದ ಮುಖ್ಯ ನ್ಯಾಯಮೂರ್ತಿ ಹೊರರಾಜ್ಯದವರಾಗಿರಬೇಕೆಂಬ ನೀತಿ ಬಂತು. ಸ್ಥಳೀಯ ಹಂಗುಗಳಿಂದ ಬಿಡಿಸಲು ಅದು ಒಳ್ಳೆಯದೇ. ಆದರೆ ಬಂದವರಿಗೆ ರಾಜ್ಯ ಅರ್ಥವಾಗುವಷ್ಟರಲ್ಲಿ 62 ತುಂಬುತ್ತದೆ, ಇಲ್ಲವೇ ಸುಪ್ರೀಂ ಕೋರ್ಟಿನ ಕರೆ ಬರುತ್ತದೆ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರಿಗೆ ಸಿಕ್ಕಿದ್ದು 2019ರ ಮೇ ತಿಂಗಳಿಂದ 2021ರ ಆಗಸ್ಟಿನ ತನಕ. ಆ ಅವಧಿಯಲ್ಲೇ ಕೋವಿಡ್ ಬಂತು, ಅವರ ಪೀಠ ರಾಜ್ಯದ ಆಮ್ಲಜನಕದ ಪಾಲನ್ನು ದಿನಕ್ಕೆ 1200 ಟನ್ನಿಗೆ ಏರಿಸುವಂತೆ ಕೇಂದ್ರಕ್ಕೆ ಆದೇಶಿಸಿತು, ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ಈ ಎರಡೂಕಾಲು ವರ್ಷ ನಮ್ಮಲ್ಲಿ ದೀರ್ಘ ಅವಧಿ ಎನಿಸಿಕೊಳ್ಳುತ್ತದೆ! ಕನ್ನಡಿಗರೇ ಆದ ಪಿ.ಎಸ್. ದಿನೇಶ್ ಕುಮಾರ್ 2024ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಅದೇ ತಿಂಗಳು ನಿವೃತ್ತರಾದರು. ಅಷ್ಟು ಹೊತ್ತಿನಲ್ಲಿ ಒಂದು ಕಡತ ಕಾನೂನು ಇಲಾಖೆಯಿಂದ ಆರ್ಥಿಕ ಇಲಾಖೆಗೆ ಹೋಗುವುದೂ ಕಷ್ಟ. ಮಂತ್ರಿಗಳಿಗೆ, ಕಾರ್ಯದರ್ಶಿಗಳಿಗೆ ಇದು ಚೆನ್ನಾಗಿ ಗೊತ್ತು. ಕಾಯುವುದರಲ್ಲಿ ಅವರನ್ನು ಸೋಲಿಸುವವರಿಲ್ಲ.

ಬಾಯಿಬಿಟ್ಟು ಕೇಳಿದವರು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬೇಡಿ. 1987ರಲ್ಲೇ ಕಾನೂನು ಆಯೋಗ ಹತ್ತು ಲಕ್ಷ ಜನರಿಗೆ ಹತ್ತೂವರೆ ನ್ಯಾಯಾಧೀಶರಿದ್ದಾರೆ, 50 ಬೇಕು ಎಂದಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ಐದು ವರ್ಷದಲ್ಲಿ ಮಾಡಿ ಎಂದು ಆದೇಶವನ್ನೇ ಕೊಟ್ಟಿತು. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಡುವ ಉತ್ತರಗಳಲ್ಲಿ ಈ ಸಂಖ್ಯೆ ಈಗಲೂ 21ರ ಆಸುಪಾಸಿನಲ್ಲಿದೆ, ಅದೂ ಖಾಲಿ ಹುದ್ದೆಗಳನ್ನು ಸೇರಿಸಿ. 2016ರ ಏಪ್ರಿಲಿನಲ್ಲಿ ದೆಹಲಿಯಲ್ಲಿ ಮುಖ್ಯಮಂತ್ರಿಗಳು-ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಪ್ರಧಾನಿಯ ಎದುರೇ ಇದನ್ನು ಹೇಳುತ್ತ ಕಣ್ಣೀರಾದರು. 2022ರ ಸಮ್ಮೇಳನದಲ್ಲಿ ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ನ್ಯಾಯಾಂಗದ ಕಟ್ಟಡಗಳಿಗಾಗಿಯೇ ಒಂದು ರಾಷ್ಟ್ರೀಯ ಪ್ರಾಧಿಕಾರ ಬೇಕೆಂದರು. ಅದಕ್ಕೆ ಒಮ್ಮತ ಸಿಗಲಿಲ್ಲ, ರಾಜ್ಯ ಮಟ್ಟದಲ್ಲಿ ಮಾಡೋಣ ಎಂಬಲ್ಲಿಗೆ ಮಾತು ನಿಂತಿತು.

ವರ್ಷಕ್ಕೊಮ್ಮೆ ಲೆಕ್ಕ ಸಮೇತ ಹೇಳುವ ರೂಢಿ ಇದ್ದಿದ್ದರೆ ಕಣ್ಣೀರಿನ ತನಕ ಹೋಗಬೇಕಿರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಹಲವು ರಾಜ್ಯಗಳಲ್ಲಿರುವಂತೆ ನಮ್ಮ ಮುಖ್ಯ ನ್ಯಾಯಮೂರ್ತಿ ವಿಧಾನಸಭೆಯಲ್ಲೇ ನಿಂತು ಮಾತಾಡಬೇಕು ಎನ್ನುತ್ತಿಲ್ಲ. ಸದನದ ಸದಸ್ಯರಲ್ಲದೆಯೂ ಅಲ್ಲಿ ಮಾತಾಡುವ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿರುವುದು ರಾಜ್ಯಪಾಲರಿಗೆ, ಮಂತ್ರಿಗಳಿಗೆ, ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್‌ಗೆ ಮಾತ್ರ. ಆದರೆ ಬಜೆಟ್ಟಿಗೆ ಮೊದಲು ಒಂದು ಲಿಖಿತ ವರದಿ ಕೊಟ್ಟು, ಕಾನೂನು ಮಂತ್ರಿ ಅದನ್ನು ಸದನದ ಮುಂದಿಟ್ಟರೆ ಯಾವ ವಿಧಿಯೂ ಅಡ್ಡ ಬರುವುದಿಲ್ಲ. 211ನೇ ವಿಧಿ ನಿಷೇಧಿಸುವುದು ನ್ಯಾಯಮೂರ್ತಿಗಳು ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಚರ್ಚೆಯನ್ನು, ಕೋರ್ಟಿನ ಕಟ್ಟಡದ ಚರ್ಚೆಯನ್ನಲ್ಲ. ಎಷ್ಟು ಕೇಸು ಬಾಕಿ ಎಂಬುದು ಈಗ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಯಾರ ಮೊಬೈಲಿಗೂ ಸಿಗುತ್ತದೆ, ಜಿಲ್ಲಾವಾರು. ಹೈಕೋರ್ಟು ಎಷ್ಟು ಹುದ್ದೆ ಕೇಳಿತು, ಸರ್ಕಾರ ಎಷ್ಟು ಕೊಟ್ಟಿತು, ಕೊಡದೆ ಇದ್ದದ್ದಕ್ಕೆ ಏನು ಕಾರಣ ಬರೆಯಿತು ಎಂಬುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ವಿಳಂಬದ ಬೈಗುಳವೆಲ್ಲ ಎದುರಿಗೆ ಕೂತ ತಾಲೂಕು ನ್ಯಾಯಾಧೀಶರ ಪಾಲಿಗೆ ಹೋಗುತ್ತದೆ.

ನಿಮಗೆ ನಿಜಕ್ಕೂ ತಿಳಿಯಬೇಕಿದ್ದರೆ ದಾರಿ ಇದೆ. ಕಾನೂನು ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಉತ್ತರ ಕನ್ನಡದ ನ್ಯಾಯಾಲಯಗಳಿಗೆ ಹುದ್ದೆ ಮಂಜೂರಾತಿ ಕೋರಿ ಹೈಕೋರ್ಟಿನಿಂದ ಬಂದ ಪ್ರಸ್ತಾವಗಳು, ಅವುಗಳ ಈಗಿನ ಸ್ಥಿತಿ, ಆರ್ಥಿಕ ಇಲಾಖೆಯ ಟಿಪ್ಪಣಿ. ಬಂದ ಉತ್ತರವನ್ನು ನಿಮ್ಮ ಊರಿನ ವಕೀಲರ ಸಂಘಕ್ಕೆ ಕೊಡಿ. ಪ್ರತಿ ಜಿಲ್ಲೆಗೂ ಮುಖ್ಯ ನ್ಯಾಯಮೂರ್ತಿಗಳು ಹೈಕೋರ್ಟಿನ ಒಬ್ಬರು ನ್ಯಾಯಮೂರ್ತಿಗಳನ್ನು ಆಡಳಿತ ನೋಡಿಕೊಳ್ಳಲು ನೇಮಿಸಿರುತ್ತಾರೆ. ಅವರು ಜಿಲ್ಲೆಗೆ ಭೇಟಿ ಕೊಟ್ಟಾಗ ಸಂಘದವರು ಹಾರ-ತುರಾಯಿಯ ಜೊತೆ ಆ ಕಾಗದವನ್ನೂ ಕೈಗಿತ್ತರೆ ಮುಖ್ಯ ನ್ಯಾಯಮೂರ್ತಿಗಳ ಮೇಜಿಗೆ ಅದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ. ಒಂದು ಪ್ರತಿ ನಿಮ್ಮ ಶಾಸಕರಿಗೂ ಇರಲಿ, ಆರ್ಥಿಕ ಇಲಾಖೆಯವರನ್ನು ಸದನದಲ್ಲಿ ಪ್ರಶ್ನಿಸಬಲ್ಲವರು ಅವರೇ.